ಹಳೆಯ ಟ್ಯಾಬ್ಲೆಟ್ಟೂ ಹೊಸ ಚಲಚ್ಚಿತ್ರವೂ

೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಶಾಲೆಗಳ ಬಾಗಿಲುಗಳು ಮುಚ್ಚಿದಾಗ, ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಅನೇಕ ತಂದೆತಾಯಿಗಳು ಮಕ್ಕಳ ಪಾಠಕ್ಕಾಗಿ ಹೇಗೋ ಹಣ ಹೊಂದಿಸಿ ಒಂದೊಂದು ಟ್ಯಾಬ್ಲೆಟ್ಟನ್ನು ಕೊಂಡು ತಂದರು. ಕೆಲವರು ಹೊಸದನ್ನು ಕೊಂಡರು. ಹಲವರು ಇನ್ನೊಬ್ಬರು ಉಪಯೋಗಿಸಿ ಬಿಟ್ಟುದನ್ನು ಕಡಮೆ ಬೆಲೆಗೆ ಪಡೆದರು. ಪಾಠಗಳು ಮತ್ತೆ ತರಗತಿಗೆ ಮರಳಿದ ಮೇಲೆ ಆ ಯಂತ್ರಗಳು ಕಪಾಟನ್ನು ಸೇರಿದವು. ಈಗ ರಜೆಯ ದಿನದಲ್ಲಿ ಯಾರಾದರೊಬ್ಬರು ಅದರ ಧೂಳನ್ನೊರಸಿ, ಊರಿನಿಂದ ಬಂದ ಅಜ್ಜಿಗೆ ಒಂದು ಕನ್ನಡ ಚಿತ್ರವನ್ನು ತೋರಿಸೋಣವೆಂದು ಚಿತ್ರಸೇವೆಯೊಂದರ ಆ್ಯಪ್ಪನ್ನು ಹುಡುಕಿದರೆ, ಈ ಸಾಧನಕ್ಕೆ ಬೆಂಬಲವಿಲ್ಲವೆಂಬ ಅರ್ಥದ ಒಂದು ಸಾಲು ಪರದೆಯ ಮೇಲೆ ಮೂಡುವುದು. ಯಂತ್ರ ಕೆಟ್ಟಿತೆಂದು ಮನೆಯವರು ತಿಳಿಯುತ್ತಾರೆ. ಹೊಸದಕ್ಕೆ ಹಣವೆಲ್ಲಿ ಎಂಬ ಮಾತು ಹುಟ್ಟುತ್ತದೆ.

ವಿದ್ಯಾರ್ಥಿ ಮಿತ್ರರೇ, ನಮ್ಮ ನುಡಿಯಲ್ಲಿ ‘ಆಗದು’ ಎಂಬ ಮಾತೊಂದುಂಟು, ‘ಕೂಡದು’ ಎಂಬ ಮಾತೊಂದುಂಟು. ಮೊದಲನೆಯದು ಶಕ್ತಿಗೆ ಸಂಬಂಧಪಟ್ಟುದು. ಎರಡನೆಯದು ಅಪ್ಪಣೆಗೆ ಸಂಬಂಧಪಟ್ಟುದು. ಎತ್ತು ಮರವನ್ನೇರಲಾರದು, ಅದು ಆಗದ ಕೆಲಸ. ಪರೀಕ್ಷೆಯ ಕೊಠಡಿಯಲ್ಲಿ ಮಾತನಾಡಬಾರದು; ಬಾಯಿಗೆ ಶಕ್ತಿಯಿದ್ದರೂ ಅದು ಕೂಡದ ಕೆಲಸ. ‘ಬೆಂಬಲವಿಲ್ಲ’ ಎಂದು ಹೇಳುವ ಯಂತ್ರವು ಇವೆರಡರಲ್ಲಿ ಯಾವುದನ್ನು ಹೇಳುತ್ತಿದೆಯೆಂಬುದನ್ನು ಮಾತ್ರ ತಿಳಿಸುವುದಿಲ್ಲ. ಅದನ್ನು ನಾವೇ ವಿಚಾರಿಸಿ ತಿಳಿಯಬೇಕು. ವಿಚಾರಿಸಿದರೆ ಹತ್ತರಲ್ಲಿ ಹಲವು ಬಾರಿ ಅದು ಕೂಡದೆಂಬ ಮಾತೇ ಹೊರತು ಆಗದೆಂಬ ಮಾತಲ್ಲವೆಂದು ಕಂಡುಬರುವುದು.

ಮೊದಲು ಶಕ್ತಿಯ ವಿಷಯವನ್ನು ನೋಡೋಣ. ಅಗಲದಲ್ಲಿ ೧೯೨೦, ಎತ್ತರದಲ್ಲಿ ೧೦೮೦ ಚುಕ್ಕೆಗಳುಳ್ಳ ಒಂದು ಚಿತ್ರದಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಚುಕ್ಕೆಗಳಿರುತ್ತವೆ. ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಬರೆದಿಡಲು ಮೂರು ಬೈಟುಗಳು ಬೇಕು. ಚಲಚ್ಚಿತ್ರವಾದರೋ ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, ೨೪ ಚಿತ್ರಗಳನ್ನು ಬೇಡುತ್ತದೆ. ಗುಣಿಸಿ ನೋಡಿದರೆ ಸೆಕೆಂಡಿಗೆ ಸುಮಾರು ೧೫ ಕೋಟಿ ಬೈಟುಗಳಾದವು. ಇಷ್ಟನ್ನು ಸಾಮಾನ್ಯವಾದ ಮನೆಯ ಜಾಲಸಂಪರ್ಕವು ಸಲೀಸಾಗಿ ಹೊತ್ತು ತರಲಾರದು. ಆದುದರಿಂದ ಚಿತ್ರವನ್ನು ಅಡಕಗೊಳಿಸಿ ಕಳುಹಿಸುತ್ತಾರೆ. ಯಕ್ಷಗಾನದ ರಂಗಸ್ಥಳವನ್ನು ನೆನೆಯಿರಿ: ಹಿಂದಿನ ಪರದೆ ಹಾಗೆಯೇ ಇದೆ, ಭಾಗವತರು ಕುಳಿತಲ್ಲಿಯೇ ಕುಳಿತಿದ್ದಾರೆ, ವೇಷಧಾರಿಯೊಬ್ಬನೇ ಚಲಿಸುತ್ತಾನೆ. ಹಾಗಿರುವಾಗ ಪ್ರತಿಯೊಂದು ಚಿತ್ರದಲ್ಲಿಯೂ ಪರದೆಯನ್ನು ಹೊಸದಾಗಿ ಬರೆಯುವುದೇಕೆ? ಬದಲಾದುದನ್ನಷ್ಟೇ ಬರೆದರಾಯಿತು. ೨೦೦೩ರಲ್ಲಿ ರೂಪುಗೊಂಡ ಎಚ್.೨೬೪ ಎಂಬ ಕ್ರಮವು ಇಂತಹ ಉಪಾಯಗಳಿಂದ ಆ ೧೫ ಕೋಟಿಯನ್ನು ಆರೇಳು ಲಕ್ಷಕ್ಕೆ ಇಳಿಸಬಲ್ಲದು. ಹೀಗೆ ಅಡಕಗೊಂಡ ಚಿತ್ರವನ್ನು ಕೆಲವು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಸೇವೆಯವರು ತಮ್ಮ ಕಡೆಯಲ್ಲಿ ಇಟ್ಟುಕೊಂಡಿರುತ್ತಾರೆ. ಟ್ಯಾಬ್ಲೆಟ್ಟು ಒಂದರ ಹಿಂದೊಂದು ತುಂಡನ್ನು ಕೇಳಿ ಪಡೆದು, ಬಿಡಿಸಿ, ತೋರಿಸುತ್ತ ಹೋಗುವುದು. ಸಂಪರ್ಕ ಕ್ಷೀಣಿಸಿದರೆ ಅದೇ ಭಾಗದ ಇನ್ನೂ ಚಿಕ್ಕ ತುಂಡನ್ನು ಕೇಳುವುದು. ಲೋಕಲ್ ಗಾಡಿಯಲ್ಲಿ ಚಿತ್ರ ನೋಡುವಾಗ ಒಮ್ಮೊಮ್ಮೆ ಮುಖಗಳು ಮಸುಕಾಗುವುದು ಇದರಿಂದಲೇ.

ಈ ಬಿಡಿಸುವ ಕೆಲಸಕ್ಕೆಂದೇ ಟ್ಯಾಬ್ಲೆಟ್ಟುಗಳ ಒಳಗೆ ಪ್ರತ್ಯೇಕವಾದ ಒಂದು ಮಂಡಲವಿರುತ್ತದೆ. ಹತ್ತು ಹನ್ನೆರಡು ವರ್ಷಗಳ ಹಿಂದಿನ ಯಂತ್ರದಲ್ಲಿಯೂ ಎಚ್.೨೬೪ನ್ನು ಬಿಡಿಸುವ ಮಂಡಲ ಇದ್ದೇ ಇದೆ. ಅದರಲ್ಲಿ ತೆಗೆದ ಮದುವೆಯ ಚಿತ್ರಗಳು ಅದರಲ್ಲಿಯೇ ಸೊಗಸಾಗಿ ಓಡುವುದಿಲ್ಲವೆ? ೨೦೧೮ರಲ್ಲಿ ಬಂದ ಎವಿ೧ ಮೊದಲಾದ ಹೊಸ ಕ್ರಮಗಳನ್ನು ಅದು ಬಿಡಿಸಲಾರದು. ಒತ್ತಾಯಿಸಿದರೆ ಬಿಸಿಯಾಗಿ ತಡವರಿಸುವುದು. ಆ ಮಟ್ಟಿಗೆ ‘ಆಗದು’ ಎಂಬುದು ದಿಟ. ಉಳಿದ ತಡೆಗಳು ಬೇರೆಡೆಯಿಂದ ಬರುತ್ತವೆ.

ಮೊದಲನೆಯ ತಡೆ ಕಾರ್ಯವ್ಯವಸ್ಥೆಯದು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು ತಯಾರಕರು ಕೆಲವು ವರ್ಷಗಳವರೆಗೆ ಮಾತ್ರ ಹೊಸದಾಗಿಸುತ್ತಾರೆ. ೨೦೧೦ರಲ್ಲಿ ಬಂದ ಮೊದಲ ಐಪ್ಯಾಡ್ ೫.೧ನೆಯ ಆವೃತ್ತಿಯಲ್ಲಿ ನಿಂತಿತು; ೨೦೧೧ರ ಐಪ್ಯಾಡ್ ೨ ಎಂಬುದು ೯.೩ರಲ್ಲಿ ನಿಂತಿತು, ೨೦೧೩ರ ಐಪ್ಯಾಡ್ ಏರ್ ೧೨.೫ರಲ್ಲಿ. ಇತ್ತ ಚಿತ್ರಸೇವೆಯ ಆ್ಯಪ್ ಬರೆಯುವವರು ಹಳೆಯ ಆವೃತ್ತಿಗಳನ್ನೆಲ್ಲ ಪರೀಕ್ಷಿಸುತ್ತ ಕೂಡಲಾರರು. ಇಂತಿಷ್ಟರ ಮೇಲಿನವರಿಗೆ ಮಾತ್ರ ಎಂದು ಗೆರೆ ಎಳೆಯುತ್ತಾರೆ. ಅವರನ್ನು ಪೂರ್ಣವಾಗಿ ದೂರುವಂತಿಲ್ಲ. ಆದರೆ ಇಲ್ಲಿ ಒಂದು ಕಿಟಕಿಯುಂಟು. ಹಳೆಯ ಯಂತ್ರಕ್ಕೆ ಒಗ್ಗುವ ಕೊನೆಯ ಆವೃತ್ತಿಯನ್ನು ಪಡೆಯುವ ಅವಕಾಶವನ್ನು ಆ್ಯಪಲ್ ಸಂಸ್ಥೆಯು ೨೦೧೩ರ ಸೆಪ್ಟೆಂಬರಿನಲ್ಲಿ ಕಲ್ಪಿಸಿತು. ಅದೇ ಖಾತೆಯಿಂದ ಆ ಆ್ಯಪ್ಪನ್ನು ಒಮ್ಮೆ ಹೊಸ ಯಂತ್ರವೊಂದರಲ್ಲಿ ಪಡೆದುಕೊಂಡು, ಅನಂತರ ಹಳೆಯ ಐಪ್ಯಾಡಿನಲ್ಲಿ ‘ಕೊಂಡವುಗಳು’ ಎಂಬ ಪಟ್ಟಿಯನ್ನು ತೆರೆದು ಅಲ್ಲಿಂದ ಇಳಿಸಿಕೊಳ್ಳಬೇಕು. ನೇರವಾಗಿ ಹುಡುಕಿದರೆ ಸಿಗದುದು ಈ ಸುತ್ತುದಾರಿಯಲ್ಲಿ ಸಿಗುವುದುಂಟು. ಸಿಕ್ಕ ಹಳೆಯ ಆವೃತ್ತಿಯ ಮಾತಿಗೆ ಸೇವೆಯವರ ಯಂತ್ರಗಳು ಎಷ್ಟು ಕಾಲ ಉತ್ತರ ಕೊಡುತ್ತವೆಯೋ ಅಷ್ಟು ಕಾಲ ಅದು ನಡೆಯುವುದು.

ಎರಡನೆಯ ತಡೆ ಬಹು ಸಣ್ಣದು. ಸಣ್ಣದಾದುದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ಜಾಲದಲ್ಲಿ ಎರಡು ಯಂತ್ರಗಳು ಗುಟ್ಟಾಗಿ ಮಾತನಾಡುವ ಮೊದಲು ಒಂದು ಇನ್ನೊಂದಕ್ಕೆ ಪ್ರಮಾಣಪತ್ರವನ್ನು ತೋರಿಸಬೇಕು. ನಮ್ಮ ರೈಲಿನ ಪಾಸಿನಂತೆ ಅದಕ್ಕೂ ಇಂದಿನಿಂದ ಇಂದಿನವರೆಗೆ ಎಂಬ ದಿನಾಂಕಗಳಿರುತ್ತವೆ. ಬ್ಯಾಟರಿ ಪೂರ್ತಿ ಬರಿದಾಗಿ ವರ್ಷಗಟ್ಟಲೆ ಮಲಗಿದ್ದ ಟ್ಯಾಬ್ಲೆಟ್ಟು ಎದ್ದಾಗ, ಅದರ ಗಡಿಯಾರವು ೧೯೭೦ರ ಜನವರಿ ೧ ಎಂದು ತೋರಿಸುವುದುಂಟು. ಆ ದಿನಾಂಕದಿಂದ ನೋಡಿದರೆ ಜಗತ್ತಿನ ಪಾಸುಗಳೆಲ್ಲ ಇನ್ನೂ ಆರಂಭವಾಗದವು! ಆದುದರಿಂದ ಯಾವ ತಾಣವೂ ತೆರೆಯದು. ದಿನಾಂಕವನ್ನು ಸರಿಪಡಿಸಿದರೆ ಸಾಕು. ಟ್ಯಾಬ್ಲೆಟ್ಟನ್ನು ರಿಪೇರಿಗೆ ಒಯ್ಯುವ ಮುನ್ನ ಇದನ್ನು ನೋಡದೆ ಇರಬೇಡಿ.

ಇದಕ್ಕಿಂತ ತೊಡಕಿನ ಸಂಗತಿ ಇನ್ನೊಂದಿದೆ. ಈ ಪ್ರಮಾಣಪತ್ರಗಳಿಗೆ ಸಹಿ ಹಾಕುವ ಹಿರಿಯ ಸಂಸ್ಥೆಗಳ ಗುರುತುಗಳನ್ನು ಯಂತ್ರವು ಕಾರ್ಖಾನೆಯಿಂದಲೇ ತನ್ನೊಳಗೆ ಹೊತ್ತು ಬಂದಿರುತ್ತದೆ, ಅವಕ್ಕೂ ಅವಧಿಯುಂಟು. ೨೦೨೧ರ ಸೆಪ್ಟೆಂಬರ್ ೩೦ರಂದು ಅಂತಹ ಒಂದು ಮೂಲ ಪ್ರಮಾಣಪತ್ರದ ಅವಧಿ ತೀರಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ, ಲಾಭಕ್ಕಾಗಿ ನಡೆಯದ ಸಂಸ್ಥೆಯಿಂದ ಪತ್ರ ಪಡೆದಿದ್ದ ಅಸಂಖ್ಯ ತಾಣಗಳು ಹಳೆಯ ಯಂತ್ರಗಳೆದುರಿಗೆ ಆ ಮೂಲವನ್ನೇ ಆಶ್ರಯಿಸಿದ್ದವು. ಐಪ್ಯಾಡ್ ೨ರಂತಹ ಯಂತ್ರಗಳು ಅಂದಿನಿಂದ ಎಷ್ಟೋ ತಾಣಗಳ ಹೊಸ್ತಿಲಲ್ಲಿಯೇ ನಿಂತುಬಿಟ್ಟವು. ೭.೧.೧ಕ್ಕಿಂತ ಹಳೆಯ ಆಂಡ್ರಾಯ್ಡುಗಳಿಗಾಗಿ ಆ ಸಂಸ್ಥೆಯವರು ಬೇರೊಂದು ಉಪಾಯವನ್ನು ಮಾಡಿ ೨೦೨೪ರವರೆಗೆ ಕಾಲಾವಕಾಶವನ್ನು ದೊರಕಿಸಿದರು. ಆಂಡ್ರಾಯ್ಡಿನಲ್ಲಿ ಫೈರ್‌ಫಾಕ್ಸ್ ಎಂಬ ಬ್ರೌಸರು ಈ ಗುರುತುಗಳ ಪಟ್ಟಿಯನ್ನು ತನ್ನದೇ ಗಂಟಿನಲ್ಲಿ ಕಟ್ಟಿಕೊಂಡು ಬರುತ್ತದೆ. ಬೇರೆ ಬ್ರೌಸರಿನಲ್ಲಿ ತೆರೆಯದ ತಾಣವು ಅದರಲ್ಲಿ ತೆರೆಯುವುದಕ್ಕೆ ಇದೇ ಕಾರಣ.

ಇನ್ನು ಮೂರನೆಯ ತಡೆ. ಇದನ್ನು ಅರಿಯಲು ಅಮೇರಿಕದ ಒಂದು ನೈಜ ವೃತ್ತಾಂತವನ್ನು ಕೇಳಿರಿ. ನೆಟ್‌ಫ್ಲಿಕ್ಸ್ ಎಂಬ ಚಿತ್ರಸೇವೆಯು ನಮ್ಮ ದೇಶಕ್ಕೆ ಬಂದುದು ೨೦೧೬ರ ಜನವರಿಯಲ್ಲಿ. ಅಲ್ಲಿ ಅದಕ್ಕೂ ಮೊದಲೇ ಬೇರೂರಿತ್ತು. ೨೦೧೧ರ ಮೇ ತಿಂಗಳಲ್ಲಿ ಅದು ಆಂಡ್ರಾಯ್ಡಿಗಾಗಿ ಆ್ಯಪ್ಪನ್ನು ಹೊರತಂದಾಗ ಅದು ನಡೆಯುತ್ತಿದ್ದುದು ಕೇವಲ ಐದು ಬಗೆಯ ಫೋನುಗಳಲ್ಲಿ. ಚಿತ್ರವನ್ನು ಕಳವಿನಿಂದ ಕಾಯುವ ಸರ್ವಸಮಾನವಾದ ಏರ್ಪಾಡು ಆಂಡ್ರಾಯ್ಡಿನಲ್ಲಿ ಇನ್ನೂ ಇಲ್ಲ, ಆದುದರಿಂದ ಒಬ್ಬೊಬ್ಬ ತಯಾರಕನೊಡನೆಯೂ ಬೇರೆ ಬೇರೆಯಾಗಿ ಕೆಲಸ ಮಾಡಬೇಕಾಗಿದೆ ಎಂಬುದು ಆ ಸಂಸ್ಥೆಯು ಅದಕ್ಕೆ ಮುಂಚೆಯೇ ಕೊಟ್ಟಿದ್ದ ಕಾರಣ. ಪಟ್ಟಿಯಲ್ಲಿಲ್ಲದ ಫೋನು, ಟ್ಯಾಬ್ಲೆಟ್ಟುಗಳನ್ನು ಉಳ್ಳವರು ಸುಮ್ಮನಿರಲಿಲ್ಲ. ಆಂಡ್ರಾಯ್ಡ್ ಯಂತ್ರದೊಳಗೆ ‘ಬಿಲ್ಡ್.ಪ್ರಾಪ್’ ಎಂಬ ಒಂದು ಕಡತವಿದೆ. ನನ್ನ ಹೆಸರೇನು, ನನ್ನನ್ನು ತಯಾರಿಸಿದವರಾರು ಎಂಬ ವಿವರಗಳು ಅದರಲ್ಲಿ ಸರಳವಾದ ಸಾಲುಗಳಲ್ಲಿ ಬರೆದಿರುತ್ತವೆ. ಯಂತ್ರದ ಪೂರ್ಣ ಅಧಿಕಾರವನ್ನು ಪಡೆದು, ಆ ಸಾಲುಗಳಲ್ಲಿ ಪಟ್ಟಿಯಲ್ಲಿದ್ದ ಫೋನಿನ ಹೆಸರನ್ನು ಬರೆದರು. ಎಲ್ಲ ಯಂತ್ರಗಳಲ್ಲಿಯೂ ಈ ಉಪಾಯ ಫಲಿಸಲಿಲ್ಲ. ಆದರೆ ಫಲಿಸಿದ ಕಡೆಗಳಲ್ಲಿ ಚಿತ್ರವು ಓಡಿತು. ಎರಡು ಸಾಲು ಬದಲಾದ ಮಾತ್ರಕ್ಕೆ ಯಂತ್ರದ ಶಕ್ತಿ ಹೆಚ್ಚಿತೆ? ಇಲ್ಲ. ಇದ್ದುದು ‘ಕೂಡದು’ ಎಂಬುದೇ.

ಅದೇ ವರ್ಷದ ಜುಲೈಯಲ್ಲಿ ಎಚ್.ಪಿ. ಸಂಸ್ಥೆಯು ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ಟನ್ನು ಅಮೇರಿಕದ ಪೇಟೆಗೆ ತಂದಿತು. ಆಗಸ್ಟ್ ೧೮ರಂದು ಅದನ್ನು ನಿಲ್ಲಿಸುವುದಾಗಿ ಸಾರಿತು. ಸುಮಾರು ೫೦೦ ಡಾಲರಿನ ಯಂತ್ರವನ್ನು ೯೯ ಡಾಲರಿಗೆ ಮಾರಿದಾಗ ಜನರು ಮುಗಿಬಿದ್ದು ಕೊಂಡರು. ಅದರ ವೆಬ್‌ಓಎಸ್ ಎಂಬ ವ್ಯವಸ್ಥೆಗೆ ನೆಟ್‌ಫ್ಲಿಕ್ಸ್ ಆ್ಯಪ್ ಇರಲಿಲ್ಲ. ಇನ್ನು ಬರುವ ಆಸೆಯೂ ಇರಲಿಲ್ಲ. ಹೀಗಿರಲು ಅಕ್ಟೋಬರಿನಲ್ಲಿ ಕೆಲವರು ಸ್ವಯಂಸೇವಕರು ಸೈಯನೋಜೆನ್‌ಮಾಡ್ ಎಂಬ ಆಂಡ್ರಾಯ್ಡ್ ರೂಪವನ್ನು ಅದಕ್ಕೆ ಹೊಂದಿಸಿ ಹೊರಬಿಟ್ಟರು. ತಯಾರಕರೇ ಕೈಬಿಟ್ಟ ಯಂತ್ರವು ಪರರ ಕೈಯಲ್ಲಿ ಎರಡನೆಯ ಜನ್ಮವನ್ನೆತ್ತಿತು. ಆ ಬಳಗದ ಕಾರ್ಯವು ೨೦೧೬ರ ಕೊನೆಗೆ ನಿಂತರೂ ಲಿನೇಜ್‌ಓಎಸ್ ಎಂಬ ಹೆಸರಿನಲ್ಲಿ ಮುಂದುವರಿದಿದೆ.

ಈಗ ಬೀಗದ ವಿಷಯಕ್ಕೆ ಬರೋಣ. ನಾಲ್ಕನೆಯದಾದ ಈ ತಡೆಯೇ ಎಲ್ಲಕ್ಕಿಂತ ಗಟ್ಟಿಯಾದುದು. ಚಿತ್ರಸೇವೆಯವರು ಕಳುಹಿಸುವ ತುಂಡುಗಳು ಗೂಢಲಿಪಿಯಲ್ಲಿರುತ್ತವೆ. ಅವುಗಳ ಕೀಲಿಕೈ ಬೇರೆಯಾಗಿ ಬರುತ್ತದೆ. ಆ ಕೀಲಿಕೈಯನ್ನು ಪಡೆದು ಬೀಗ ತೆಗೆಯುವ ಏರ್ಪಾಡಿಗೆ ಆಂಡ್ರಾಯ್ಡಿನಲ್ಲಿ ವೈಡ್‌ವೈನ್ ಎಂದು ಹೆಸರು. ಈ ಹೆಸರಿನ ಸಂಸ್ಥೆಯನ್ನು ಕೊಳ್ಳುವುದಾಗಿ ಗೂಗಲ್ ೨೦೧೦ರ ಡಿಸೆಂಬರಿನಲ್ಲಿ ಸಾರಿತು. ವೈಡ್‌ವೈನಿನಲ್ಲಿ ಮೂರು ದರ್ಜೆಗಳುಂಟು. ಮನೆಗಳಲ್ಲಿ ಕಾಣಸಿಗುವವು ಹೆಚ್ಚಾಗಿ ಒಂದನೆಯ ಮತ್ತು ಮೂರನೆಯ ದರ್ಜೆಗಳು. ಬೋರ್ಡಿನ ಪರೀಕ್ಷೆಯ ಪ್ರಶ್ನಪತ್ರಿಕೆಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಿರಿ. ಮೊಹರು ಹಾಕಿದ ಲಕೋಟೆಯು ಒಳಕೋಣೆಗೆ ಹೋಗಿ, ಅಲ್ಲಿಯೇ ತೆರೆಯಲ್ಪಟ್ಟು, ಅಲ್ಲಿಂದ ನೇರವಾಗಿ ವಿದ್ಯಾರ್ಥಿಯ ಮೇಜನ್ನು ಸೇರಿದರೆ ಅದು ಒಂದನೆಯ ದರ್ಜೆ. ಅದೇ ಲಕೋಟೆಯನ್ನು ಎಲ್ಲರೂ ಓಡಾಡುವ ಪಡಸಾಲೆಯ ಮೇಜಿನ ಮೇಲೆ ತೆರೆದರೆ ಅದು ಮೂರನೆಯ ದರ್ಜೆ. ಯಂತ್ರದ ಪ್ರೊಸೆಸರಿನೊಳಗೆ ನಿಜವಾಗಿಯೂ ಅಂತಹ ಒಳಕೋಣೆಯೊಂದಿದೆ. ಆಂಡ್ರಾಯ್ಡಿಗೂ ಅದರೊಳಗೆ ಇಣುಕಲು ಅಪ್ಪಣೆಯಿಲ್ಲ. ಅದರ ಗುಟ್ಟಿನ ಗುರುತನ್ನು ಕಾರ್ಖಾನೆಯಲ್ಲಿಯೇ ಇಟ್ಟಿರುತ್ತಾರೆ. ಚಿತ್ರ ಓಡುವಾಗ ಪರದೆಯ ಪಡಿಯಚ್ಚನ್ನು ತೆಗೆಯಹೋದವರು ಬರಿಯ ಕಪ್ಪು ಚೌಕವನ್ನು ಕಂಡಿರಬಹುದು. ಅದು ಇಂತಹ ಕಾವಲಿನ ಪರಿಣಾಮ.

ಒಳಕೋಣೆಯಿಲ್ಲದ ಯಂತ್ರಕ್ಕೆ ಸೇವೆಗಳು ಸಾಮಾನ್ಯವಾಗಿ ಸ್ಪಷ್ಟವಾದ ದೊಡ್ಡ ಚಿತ್ರವನ್ನು ಕೊಡುವುದಿಲ್ಲ. ೪೮೦ ಸಾಲುಗಳ ಆಸುಪಾಸಿನ ಚಿತ್ರಕ್ಕೆ ತೃಪ್ತಿಪಡಬೇಕು. ಪರದೆ ಎಷ್ಟೇ ಉತ್ತಮವಾಗಿದ್ದರೂ ಇದು ತಪ್ಪದು. ಹೆಚ್ಚಿನ ಹಣ ಕೊಟ್ಟು ಚಂದಾದಾರರಾದವರು ಮಸುಕಾದ ಚಿತ್ರವನ್ನು ಕಂಡು ಜಾಲಸಂಪರ್ಕವನ್ನು ಬಯ್ಯುವುದುಂಟು. ಆ್ಯಪ್ಪಿನ ವ್ಯವಸ್ಥೆಯ ಪುಟಗಳಲ್ಲಿ ದರ್ಜೆಯನ್ನು ಬರೆದಿರುವ ಸೇವೆಗಳಿವೆ. ಎಲ್-೧ ಅಥವಾ ಎಲ್-೩ ಎಂಬ ಗುರುತನ್ನು ಅಲ್ಲಿ ನೋಡಿಕೊಳ್ಳಬಹುದು. ಹೊಸ ಟ್ಯಾಬ್ಲೆಟ್ಟು ಕೊಳ್ಳುವವರೂ ಅಂಗಡಿಯಲ್ಲಿ ಇದನ್ನು ಕೇಳಿದರೆ ಒಳ್ಳೆಯದು. ಪರದೆಯ ಅಂಗುಲಗಳನ್ನು ಕೇಳುವವರು ನೂರು ಮಂದಿ, ಇದನ್ನು ಕೇಳುವವರು ಒಬ್ಬರೂ ಇಲ್ಲ.

೨೦೧೭ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ತನ್ನ ೫.೦ನೆಯ ಆವೃತ್ತಿಯಿಂದ ಸಂಪೂರ್ಣವಾಗಿ ವೈಡ್‌ವೈನನ್ನು ನಂಬಿ ನಡೆಯತೊಡಗಿತು. ಗೂಗಲಿನಿಂದ ದೃಢೀಕರಣ ಪಡೆಯದ, ಅಥವಾ ಒಡೆಯನೇ ಒಳಗನ್ನು ಮಾರ್ಪಡಿಸಿದ ಯಂತ್ರಗಳಿಗೆ ಪ್ಲೇ ಸ್ಟೋರಿನಲ್ಲಿ ಆ ಆ್ಯಪ್ ಕಾಣದಂತಾಯಿತು. ಬಿಲ್ಡ್.ಪ್ರಾಪ್ ಕಾಲದ ಸುಲಭೋಪಾಯಗಳ ದಿನಗಳು ಹೀಗೆ ಮುಗಿಯುತ್ತ ಬಂದವು. ಆಂಡ್ರಾಯ್ಡಿನ ಮೂಲವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು; ಆದರೆ ಗೂಗಲಿನ ಮಳಿಗೆಯನ್ನು ಅದರಲ್ಲಿ ಇಡಲು ಒಪ್ಪಂದ ಬೇಕು, ಪರೀಕ್ಷೆ ಬೇಕು. ಅಗ್ಗದ ಟ್ಯಾಬ್ಲೆಟ್ಟುಗಳಲ್ಲಿ ಕೆಲವು ಈ ಪರೀಕ್ಷೆಗೆ ಕೂತವೇ ಅಲ್ಲ. ಪ್ಲೇ ಸ್ಟೋರಿನ ಸೆಟ್ಟಿಂಗ್ಸಿನಲ್ಲಿ ‘ಕುರಿತು’ ಎಂಬ ಭಾಗವನ್ನು ತೆರೆದರೆ ನಿಮ್ಮ ಯಂತ್ರ ದೃಢೀಕೃತವೋ ಅಲ್ಲವೋ ಎಂಬುದು ತಿಳಿಯುವುದು.

ಚಿತ್ರ ತೆಗೆದವರಿಗೆ ಅವರ ಪರಿಶ್ರಮದ ಫಲ ಸಿಗಬೇಕು, ಕಳವು ನಿಲ್ಲಬೇಕು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹಣ ತೆತ್ತು ಚಂದಾದಾರನಾದವನು, ತನ್ನದೇ ಹಣದಿಂದ ಕೊಂಡ ಸುಸ್ಥಿತಿಯ ಯಂತ್ರದಲ್ಲಿ ಚಿತ್ರವನ್ನು ನೋಡಲಾರದೆ ಹೋಗುವುದು ನ್ಯಾಯವೆಂದು ತೋರುವುದಿಲ್ಲ. ಈ ವಾದ ದೊಡ್ಡವರಲ್ಲಿಯೂ ನಡೆದಿದೆ. ಬ್ರೌಸರುಗಳಲ್ಲಿ ಇಂತಹ ಬೀಗಗಳಿಗೆ ಸ್ಥಾನ ಕೊಡುವ ನಿಯಮಾವಳಿಯನ್ನು ವಿಶ್ವಜಾಲದ ಮಾನಕ ಸಂಸ್ಥೆಯಾದ ಡಬ್ಲ್ಯು೩ಸಿ ೨೦೧೭ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿದಾಗ, ನಾಗರಿಕರ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಆ ಸಂಸ್ಥೆಯ ಸದಸ್ಯತ್ವವನ್ನೇ ಬಿಟ್ಟು ಹೊರಬಂದಿತು.

ಹಾಗಾದರೆ ಮನೆಯಲ್ಲಿರುವ ಯಂತ್ರವನ್ನು ಏನು ಮಾಡೋಣ? ದಿನಾಂಕವನ್ನು ಸರಿಪಡಿಸಿರಿ. ಕಾರ್ಯವ್ಯವಸ್ಥೆಗೆ ಉಳಿದಿರುವ ಪರಿಷ್ಕರಣವೇನಾದರೂ ಇದ್ದರೆ ಹಾಕಿರಿ. ಆಂಡ್ರಾಯ್ಡ್ ೫ ಮತ್ತು ಅದರ ಮೇಲಿನವುಗಳಲ್ಲಿ ‘ವೆಬ್‌ವ್ಯೂ’ ಎಂಬ ಅಂಗವನ್ನು ಬೇರೆಯಾಗಿ ಹೊಸದಾಗಿಸಬಹುದು. ಅನೇಕ ಆ್ಯಪ್ಪುಗಳು ಅದನ್ನು ನೆಚ್ಚಿಕೊಂಡಿರುತ್ತವೆ. ಆ್ಯಪ್ ಸಿಗದಿದ್ದರೆ ಬ್ರೌಸರಿನಲ್ಲಿ ಸೇವೆಯ ತಾಣವನ್ನು ತೆರೆದು ನೋಡಿರಿ. ಕೆಲವು ಸೇವೆಗಳು ಅಲ್ಲಿಯೂ ಚಿತ್ರವನ್ನು ತೋರಿಸುತ್ತವೆ, ಕೆಲವು ಆ್ಯಪ್ಪನ್ನೇ ಕೇಳುತ್ತವೆ. ಬ್ರೌಸರಿನ ಪಟ್ಟಿಯಲ್ಲಿ ಮೇಜಿನ ಕಂಪ್ಯೂಟರಿನಂತೆ ತಾಣವನ್ನು ತೋರಿಸು ಎಂಬ ಗುಂಡಿಯಿರುವುದು. ಅದನ್ನು ಒತ್ತಿದ ಮೇಲೆ ದಾರಿ ತೆರೆದುಕೊಳ್ಳುವುದೂ ಉಂಟು. ಚಿತ್ರ ತಡೆತಡೆದು ಓಡಿದರೆ ಗುಣಮಟ್ಟವನ್ನು ಇಳಿಸಿ, ತುಂಬಿ ತುಳುಕುವ ಸಂಗ್ರಹವನ್ನು ಖಾಲಿ ಮಾಡಿರಿ.

ಕಾರ್ಯವ್ಯವಸ್ಥೆಯನ್ನೇ ಬದಲಿಸಿ ಲಿನೇಜ್‌ಓಎಸ್ ಹಾಕುವುದು ಇನ್ನೊಂದು ಮಾರ್ಗ. ಅದಕ್ಕೆ ಹಿರಿಯರ ಒಪ್ಪಿಗೆ ಬೇಕು. ಯಂತ್ರದ ಮೂಲ ಬೀಗವನ್ನು ತೆಗೆಯುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುವುದು. ವೈಡ್‌ವೈನ್ ಒಂದನೆಯ ದರ್ಜೆಯಿಂದ ಮೂರನೆಯದಕ್ಕೆ ಇಳಿಯುವ ಸಂಭವವೂ ಇದೆ. ಚಿತ್ರಕ್ಕಾಗಿ ಮಾಡಿದ ಕೆಲಸದಿಂದಲೇ ಚಿತ್ರ ಕೆಡುವುದೆಂದರೆ ಇದೇ.

ಒಂದು ಮಾರ್ಗವನ್ನು ಮಾತ್ರ ಹಿಡಿಯಕೂಡದು. ಚಿತ್ರಸೇವೆಗಳ ಆ್ಯಪ್ಪುಗಳನ್ನು ತಿದ್ದಿ, ಎಲ್ಲ ಯಂತ್ರಗಳಲ್ಲಿಯೂ ನಡೆಯುತ್ತದೆ, ಚಂದಾ ಬೇಡ ಎಂದು ಹಂಚುವವರಿದ್ದಾರೆ. ಅಂತಹ ಕಡತವನ್ನು ಹಾಕುವುದೆಂದರೆ ಗುರುತಿಲ್ಲದವನ ಕೈಗೆ ಮನೆಯ ಬೀಗದಕೈ ಕೊಟ್ಟಂತೆ. ಅದು ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ, ತಂದೆಯವರ ಬ್ಯಾಂಕಿನಿಂದ ಬರುವ ಒ.ಟಿ.ಪಿ. ಸಂದೇಶವನ್ನೂ ಅದು ಓದಬಲ್ಲದು. ಕಾನೂನೂ ಇಲ್ಲಿ ಎದುರಿಗಿದೆ: ೧೯೫೭ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ೨೦೧೨ರಲ್ಲಿ ಸೇರಿಸಿದ ೬೫-ಎ ಪ್ರಕರಣದಂತೆ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗವನ್ನು ಮುರಿಯುವವರಿಗೆ ಎರಡು ವರ್ಷಗಳವರೆಗೆ ಸೆರೆಮನೆ ವಾಸವೂ ದಂಡವೂ ಉಂಟು. ತನ್ನ ಯಂತ್ರದ ದಿನಾಂಕವನ್ನು ತಿದ್ದುವುದು ಬೇರೆ, ಪರರ ಬೀಗವನ್ನು ಒಡೆಯುವುದು ಬೇರೆ.

ಯಾವ ಬಾಗಿಲೂ ತೆರೆಯದಿದ್ದರೆ ಬೀಗವಿಲ್ಲದ ಚಿತ್ರಗಳತ್ತ ತಿರುಗಬಹುದು. ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶವು ಬಹು ಹಳೆಯ ಆಂಡ್ರಾಯ್ಡುಗಳಲ್ಲಿಯೂ ನಡೆಯುತ್ತದೆ. ಅದು ೧೯೯೬ರಲ್ಲಿ ಪ್ಯಾರಿಸಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ವಿದ್ಯಾಲಯದಲ್ಲಿ ಆರಂಭಿಸಿದ ಕೆಲಸದಿಂದ ಹುಟ್ಟಿದುದು. ಇನ್ನೊಂದು ಯಂತ್ರದಲ್ಲಿ ಇಳಿಸಿದ ಪಾಠಗಳನ್ನೂ ಮನೆಯ ಸಮಾರಂಭಗಳ ಚಿತ್ರಗಳನ್ನೂ ಮೆಮೊರಿ ಕಾರ್ಡಿನಲ್ಲಿ ಹಾಕಿ ಅದರಿಂದ ನೋಡಬಹುದು. ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ಎಷ್ಟೋ ಹಳೆಯ ಕನ್ನಡ ಪುಸ್ತಕಗಳ ಪುಟಗಳಿವೆ. ಮುಂಬಯಿಯಲ್ಲಿ ಕನ್ನಡ ಪುಸ್ತಕಕ್ಕಾಗಿ ಅಲೆದವರಿಗೆ ಅದರ ಬೆಲೆ ತಿಳಿದೀತು; ಅವನ್ನು ಓದಲು ಒಂದನೆಯ ದರ್ಜೆಯ ಬೀಗ ಬೇಕಾಗಿಲ್ಲ, ಹತ್ತು ಅಂಗುಲದ ಹಳೆಯ ಪರದೆಯೇ ಸಾಕು.

ಯಂತ್ರವನ್ನು ಹೊರತೆಗೆದ ದಿನ ಒಮ್ಮೆ ಅದರ ಬೆನ್ನನ್ನು ಸಮನಾದ ಮೇಜಿನ ಮೇಲಿಟ್ಟು ನೋಡಿರಿ. ಬೆನ್ನು ಉಬ್ಬಿದ್ದರೆ, ಅಥವಾ ಪರದೆಯ ಅಂಚು ಮೇಲೆದ್ದಿದ್ದರೆ, ಒಳಗಿನ ಬ್ಯಾಟರಿ ಬಾತಿದೆಯೆಂದು ತಿಳಿಯಬೇಕು. ಅದನ್ನು ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಕಸದ ಡಬ್ಬಕ್ಕೂ ಎಸೆಯಬಾರದು. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂತಹವುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅವರ ಸಂಗ್ರಹ ಕೇಂದ್ರಕ್ಕೆ ಅದನ್ನು ಒಪ್ಪಿಸತಕ್ಕದ್ದು.